ಕಪಿಲೆಯ ದಡದಲ್ಲಿ ‘ಸೆಟ್ಟಾದ’ ಪದ

ಸೋಮವಾರ ಬೆಳಗಿನ ನಂಜನಗೂಡು. ಕಪಿಲೆಯಲ್ಲಿ ಮುಳುಗೆದ್ದು ಒದ್ದೆ ಬಟ್ಟೆಯಲ್ಲೇ ಬಂದವರು, ಮುಡಿ ಕೊಟ್ಟು ನುಣ್ಣನೆಯ ತಲೆಗೆ ಗಂಧ ಬಳಿದುಕೊಂಡವರು, ಹೆಗಲ ಮೇಲೆ ಮಗು ಮಲಗಿಸಿಕೊಂಡವರು, ಎಲ್ಲರ ಹೆಜ್ಜೆಯೂ ಶ್ರೀಕಂಠೇಶ್ವರನ ಗೋಪುರದ ಕಡೆಗೇ. ದಾರಿಯ ಎರಡೂ ಬದಿ ಹಣ್ಣುಕಾಯಿ ಅಂಗಡಿ. ಪುಟ್ಟ ಬುಟ್ಟಿಯಲ್ಲಿ ಒಂದು ತೆಂಗಿನಕಾಯಿ, ಎರಡು ಬಾಳೆಹಣ್ಣು, ವೀಳ್ಯದೆಲೆ, ಅಡಿಕೆ, ಊದುಬತ್ತಿ, ಕರ್ಪೂರ, ಮೇಲೊಂದು ತುಂಡು ಹೂ.

‘ಒಂದ್ ಸೆಟ್ ಎಷ್ಟವ್ವಾ?’

‘ಬಿಲ್ಪತ್ರೆ ಬ್ಯಾಡ್ವಾ ಅಣ್ಣ? ನಂಜುಂಡನ್‌ಗೆ ಬಿಲ್ಪತ್ರೆ ಇಲ್ದೆ ಸೆಟ್ ಎಂಗಾದದು?’

ಪೂಜೆ ಮುಗಿಸಿ ಹೋಟೆಲ್ ಹೊಕ್ಕರೆ ಮಾಣಿ ಕೇಳುವುದು ‘ಸೆಟ್ಟಾ, ಮಸಾಲೆನಾ?’ ತಿಂಡಿ ತಿಂದು ತಾಲ್ಲೂಕು ಕಚೇರಿ ಕಡೆ ಹೋದರೆ ಹೊರಗಿನ ಜೆರಾಕ್ಸ್ ಅಂಗಡಿಯವನು, ‘ಪಹಣಿ, ಆಧಾರ್ ಎರಡೆರಡು ಸೆಟ್ ಮಾಡಿಸ್ಕೊಂಡೋಗಿ ಸಾರ್, ಒಳಗೆ ಕೇಳ್ತಾರೆ’ ಎನ್ನುತ್ತಾನೆ. ಪಕ್ಕದ ಗ್ಯಾರೇಜಿನಲ್ಲಿ ‘ಸ್ಪ್ಯಾನರ್ ಸೆಟ್ ಎಲ್ಲೋ?’ ಎಂಬ ಕೂಗು. ಬಸ್ ನಿಲ್ದಾಣದಲ್ಲಿ ಇಬ್ಬರು ಹುಡುಗರು: ‘ಏನ್ ಮಗಾ, ಕೆಲ್ಸ ಸೆಟ್ ಆಯ್ತಾ?’ ‘ಇಲ್ಲ ಕಣೋ, ಆ ಕಂಪ್ನಿ ನಂಗೆ ಸೆಟ್ ಆಗಲ್ಲ.’

ಇಡ್ಲಿ ಬೇಯುವ ಹೊತ್ತಿನಿಂದ ಬಸ್ ಹತ್ತುವ ಹೊತ್ತಿನೊಳಗೆ ಒಂದೇ ಪದ ಐದಾರು ವೇಷ ಹಾಕಿತು. ಎಬಿಸಿಡಿ ಕಲಿಯದ ಹಣ್ಣುಕಾಯಿ ಅಂಗಡಿಯ ಅಜ್ಜಿಗೂ ಅದರಲ್ಲಿ ಒಂದಿಷ್ಟೂ ಗೊಂದಲವಿಲ್ಲ. ಸೆಟ್ ಕೊಡು ಅಂದರೆ ಅವಳು ಕಾಯಿ ಕೊಡುತ್ತಾಳೆ, ಸ್ಪ್ಯಾನರ್ ಕೊಡುವುದಿಲ್ಲ.

ಎರಡು ಹೊಳೆ, ಒಂದು ಹೆಸರು

ಇಂಗ್ಲಿಷಿನವರಿಗೂ ಈ ಪುಟ್ಟ ಪದ ಕೊಟ್ಟ ಕಾಟ ಅಷ್ಟಿಷ್ಟಲ್ಲ. 1989ರಲ್ಲಿ ಬಂದ ಆಕ್ಸ್‌ಫರ್ಡ್ ಇಂಗ್ಲಿಷ್ ನಿಘಂಟಿನ ಎರಡನೆಯ ಆವೃತ್ತಿಗೆ 20 ಸಂಪುಟ. ಅಷ್ಟರಲ್ಲಿ ಅತಿ ಹೆಚ್ಚು ಜಾಗ ನುಂಗಿದ್ದು ದೇವರೂ ಅಲ್ಲ, ಪ್ರೀತಿಯೂ ಅಲ್ಲ, ‘ಸೆಟ್’. ಅದರ ವಿವರಣೆಯೇ ಸುಮಾರು 60,000 ಪದ. ಅರ್ಥಛಾಯೆಗಳು 400ಕ್ಕೂ ಹೆಚ್ಚು. ಒಂದು ಪದಕ್ಕೆ ಕಾದಂಬರಿಯಷ್ಟು ಟಿಪ್ಪಣಿ! ಈಚೆಗೆ ನಿಘಂಟನ್ನು ಪರಿಷ್ಕರಿಸುತ್ತಿರುವವರು ‘ರನ್’ ಕ್ರಿಯಾಪದಕ್ಕೆ 645 ಅರ್ಥ ಎಣಿಸಿ ಸೆಟ್‌ನ ಕಿರೀಟ ಇಳಿಸಿದ್ದಾರೆ. ಆದರೂ ಮೂರಕ್ಷರಕ್ಕೆ ಇಷ್ಟು ಅರ್ಥ ಹೇಗೆ ಬಂತು ಎಂಬ ಬೆರಗು ಹಾಗೇ ಉಳಿದಿದೆ.

ಉತ್ತರ ಹುಡುಕಲು ನಂಜನಗೂಡಿನಿಂದ ಕಪಿಲೆಯ ಜೊತೆಗೇ ಪೂರ್ವಕ್ಕೆ ಹೋಗಿ ತಿರುಮಕೂಡಲು ನರಸೀಪುರದಲ್ಲಿ ಇಳಿದರೆ ಸಾಕು. ಅಲ್ಲಿ ಕಪಿಲೆ ಕಾವೇರಿಯನ್ನು ಸೇರುತ್ತಾಳೆ. ಸೇರಿದ ಮೇಲೆ ಕಪಿಲೆ ಎಂಬ ಹೆಸರಿಲ್ಲ, ಮುಂದೆಲ್ಲ ಕಾವೇರಿ. ತಲಕಾಡಿನಲ್ಲಿ ನಿಂತು ಒಂದು ಬೊಗಸೆ ನೀರೆತ್ತಿ ಇದರಲ್ಲಿ ಕಪಿಲೆಯದೆಷ್ಟು, ಕಾವೇರಿಯದೆಷ್ಟು ಎಂದರೆ ಯಾರು ಬಿಡಿಸಿ ಹೇಳಬಲ್ಲರು?

ಸೆಟ್ ಕೂಡ ಹೀಗೆ ಸಂಗಮವಾದ ಪದ. ಮೇಲಿನ ಹೊಳೆ ಎರಡು. ಒಂದು ಹಳೆಯ ಇಂಗ್ಲಿಷಿನ ‘ಸೆಟ್ಟನ್’ ಎಂಬ ಕ್ರಿಯಾಪದ. ‘ಸಿಟ್’, ಅಂದರೆ ಕೂರು ಎಂಬುದರ ಪ್ರೇರಣಾರ್ಥಕ ರೂಪ. ಇನ್ನೊಂದು ಲ್ಯಾಟಿನ್ನಿನ ‘ಸೆಕ್ಟ’. ಅನುಯಾಯಿಗಳ ಗುಂಪು, ಪಂಥ ಎಂದು ಅದರರ್ಥ. ಹಳೆಯ ಫ್ರೆಂಚಿನ ದಾರಿಯಲ್ಲಿ ‘ಸೆಟ್’ ಆಗಿ ಇಂಗ್ಲಿಷಿಗೆ ಬಂತು. ಕೂರಿಸುವ ಸೆಟ್ ಬೇರೆ, ಗುಂಪಿನ ಸೆಟ್ ಬೇರೆ. ಉಚ್ಚಾರ ಒಂದೇ ಆದದ್ದರಿಂದ ಎರಡೂ ಬೆರೆತವು. ಟೀ ಸೆಟ್ ಎನ್ನುವಾಗ ಮುಂದೆ ಗುಂಪು. ಸಿಮೆಂಟ್ ಸೆಟ್ ಆಯಿತು ಎನ್ನುವಾಗ ಕೂರುವಿಕೆ.

ಇಲ್ಲಿ ಕನ್ನಡದವರು ಒಂದು ಗಳಿಗೆ ನಿಲ್ಲಬೇಕು. ‘ಸಿಟ್’ನಿಂದ ‘ಸೆಟ್’ ಮಾಡುವಾಗ ಇಂಗ್ಲಿಷ್ ಒಳಗಿನ ಸ್ವರವನ್ನು ತಿದ್ದಿತು. ನಾವು ‘ಇಸು’ ಅಂಟಿಸುತ್ತೇವೆ: ಕೂರು, ಕೂರಿಸು. ಹಾಗಾಗಿ ಸೆಟ್ ಎಂಬ ಪದದ ಬುಡಕ್ಕಿಳಿದು ಕನ್ನಡದಲ್ಲಿ ಒಂದೇ ಮಾತು ಹೇಳಿ ಎಂದರೆ ಅದು ‘ಕೂರಿಸು’. ಇಂಗ್ಲಿಷಿನವರು ಮುರಿದ ಮೂಳೆಯನ್ನು ಸೆಟ್ ಮಾಡುತ್ತಾರೆ. ನಮ್ಮ ನಾಟಿ ವೈದ್ಯರು ಮೂಳೆ ಕೂರಿಸುತ್ತಾರೆ. ಅವರು ಉಂಗುರದಲ್ಲಿ ಹರಳು ಸೆಟ್ ಮಾಡಿದರೆ ನಮ್ಮ ಅಕ್ಕಸಾಲಿ ಹರಳು ಕೂರಿಸುತ್ತಾನೆ. ಒಬ್ಬರನ್ನೊಬ್ಬರು ಕಾಣದ ಎರಡು ಭಾಷೆಗಳು ಒಂದೇ ಕೈಚಳಕ ನೋಡಿ ಒಂದೇ ಮಾತಿಗೆ ಬಂದಿವೆ.

ಚಿಪ್ಪಿಗೆ ಸಿಗದ್ದು ಸೆಟ್‌ಗೆ ಸಿಕ್ಕಿತು

ಹಾಗಾದರೆ ನಮಗೇಕೆ ಬೇಕಿತ್ತು ಈ ಪದ? ಗುಂಪನ್ನು ಹೇಳಲು ಕನ್ನಡಕ್ಕೇನು ಬಡತನವೇ?

ಬಡತನದ ಮಾತೇ ಇಲ್ಲ. ರಸಬಾಳೆಯ ಊರಾದ ನಂಜನಗೂಡಿನಲ್ಲೇ ನೋಡಿ. ಗಿಡದಲ್ಲಿದ್ದರೆ ಗೊನೆ, ಕುಯ್ದರೆ ಚಿಪ್ಪು. ವೀಳ್ಯದೆಲೆಗೆ ಕವಳೆ, ಸೊಪ್ಪಿಗೆ ಕಟ್ಟು, ಹುಲ್ಲಿಗೆ ಹೊರೆ, ಸೌದೆಗೂ ಹೊರೆ, ಕಾಗದಕ್ಕೆ ಕಂತೆ, ಹೂವಿಗೆ ಮೊಳ, ಮಾರು. ಕುರಿಗೆ ಮಂದೆ, ಹಕ್ಕಿಗೆ ಹಿಂಡು, ಎತ್ತಿಗೂ ಬಟ್ಟೆಗೂ ಜೊತೆ. ಪದಾರ್ಥಕ್ಕೊಂದು ಹೆಸರಿಟ್ಟು ಎಣಿಸಿದ ಭಾಷೆ ಇದು. ಬಾಳೆಹಣ್ಣನ್ನು ಕವಳೆ ಲೆಕ್ಕದಲ್ಲಿ ಕೇಳಿದವನನ್ನು ಸಂತೆಯಲ್ಲಿ ಎಲ್ಲರೂ ತಿರುಗಿ ನೋಡುತ್ತಾರೆ.

ಈ ಪಟ್ಟಿಯನ್ನು ಇನ್ನೊಮ್ಮೆ ಓದಿದರೆ ಒಂದು ಗುಟ್ಟು ಹೊಳೆಯುತ್ತದೆ. ಇವೆಲ್ಲ ಒಂದೇ ಥರದ ವಸ್ತುಗಳ ಗುಂಪು. ಚಿಪ್ಪಿನಲ್ಲಿ ಬಾಳೆಹಣ್ಣು ಬಿಟ್ಟು ಬೇರೇನೂ ಇರದು. ಒಂದಕ್ಕೊಂದು ಹೋಲದ ನಾಲ್ಕಾರು ವಸ್ತುಗಳು ಸೇರಿ ಒಂದೇ ಕೆಲಸ ಮಾಡಿದರೆ, ಅದರಲ್ಲಿ ಒಂದು ಕಳಚಿದರೂ ಉಳಿದದ್ದು ದಂಡವಾದರೆ, ಅಂಥ ಕೂಟಕ್ಕೆ ದಿನಬಳಕೆಯಲ್ಲಿ ಚುರುಕಾದ ಒಂದು ಪದ ಬೇಕಿತ್ತು. ಯಂತ್ರಗಳು ಊರೊಳಗೆ ಕಾಲಿಟ್ಟಾಗ ಆ ಕೊರತೆ ಎದ್ದು ಕಂಡಿತು. ಸೆಟ್ ಬಂದು ಆ ಖಾಲಿ ಜಾಗದಲ್ಲಿ ಕೂತಿತು.

ಪಂಪ್‌ಸೆಟ್ಟನ್ನೇ ತೆಗೆದುಕೊಳ್ಳಿ. ಹೊಳೆ ದಡದ ಗದ್ದೆಯ ಮೂಲೆಯಲ್ಲಿ ತಗಡು ಹೊದಿಸಿದ ಪುಟ್ಟ ಮನೆ. ಒಳಗೆ ಒಂದು ಮೋಟಾರು, ಅದಕ್ಕೆ ಜೋಡಿಸಿದ ಪಂಪು, ಗೋಡೆಯ ಮೇಲೆ ಸ್ಟಾರ್ಟರ್. ನೀರಿಗಿಳಿದ ಪೈಪಿನ ತುದಿಗೆ ಫುಟ್‌ವಾಲ್ವ್. ಮೋಟಾರು ಬರೀ ತಿರುಗಬಲ್ಲುದು, ನೀರೆತ್ತಲಾರದು. ಪಂಪಿಗೆ ನೀರೆತ್ತುವ ವಿದ್ಯೆ ಗೊತ್ತು, ತಾನಾಗಿ ತಿರುಗಲಾರದು. ಫುಟ್‌ವಾಲ್ವಿನಲ್ಲಿ ಒಂದು ಕಡ್ಡಿ ಸಿಕ್ಕಿಕೊಂಡರೂ ಪೈಪಿನ ನೀರು ಕೆಳಗಿಳಿದು ಪಂಪು ಗಾಳಿ ಕುಡಿಯುತ್ತದೆ. ಆಮೇಲೆ ಕೊಡದಲ್ಲಿ ನೀರು ಹೊತ್ತು ತಂದು ಹುಯ್ಯಬೇಕು. ಗಂಡ ಹೆಂಡತಿ ಅತ್ತೆ ಮಾವ ಎಲ್ಲರೂ ಒಪ್ಪಿ ನಡೆದರೆ ಸಂಸಾರ ಎನ್ನುತ್ತಾರಲ್ಲ, ಪಂಪ್‌ಸೆಟ್ಟೂ ಅಂಥದ್ದೇ. ಇಂದು ‘ಐಪಿ ಸೆಟ್’ (ನೀರಾವರಿ ಪಂಪ್‌ಸೆಟ್) ಎಂಬುದು ಸರ್ಕಾರದ ಆದೇಶದಲ್ಲೂ ಇದೆ, ಜಗಲಿಕಟ್ಟೆಯ ಮಾತಿನಲ್ಲೂ ಇದೆ. 10 ಎಚ್‌ಪಿವರೆಗಿನ ಸೆಟ್‌ಗೆ ಕರೆಂಟ್ ಪುಕ್ಕಟೆ ಎಂಬುದು ಚುನಾವಣೆ ಬಂದಾಗಲೆಲ್ಲ ಕೇಳಿಬರುವ ಮಾತು.

ಮೈಕ್‌ಸೆಟ್‌ನ ಕಥೆಯೂ ಇದೇ. ಹಾರ್ನು, ಆಂಪ್ಲಿಫಯರ್, ಮೈಕು, ವೈರಿನ ಸುರುಳಿ. ಮದುವೆ ಮನೆಯಲ್ಲಿ ಮುಂಜಾನೆ ನಾಲ್ಕಕ್ಕೆ ಮೈಕ್‌ಸೆಟ್ ಕೂಗಿತೆಂದರೆ ಅಕ್ಕಪಕ್ಕದ ಮೂರು ಊರಿಗೂ ಲಗ್ನಪತ್ರಿಕೆ ಹಂಚಿದಂತೆ. ಅದರ ಹಿಂದೆಯೇ ಬ್ಯಾಂಡ್‌ಸೆಟ್, ಚಪ್ಪರಕ್ಕೆ ಸೀರಿಯಲ್ ಸೆಟ್, ಕರೆಂಟ್ ಕೈಕೊಟ್ಟರೆ ಜನರೇಟರ್ ಸೆಟ್. ಇವಕ್ಕೂ ಮೊದಲೇ ಬಂದದ್ದು ರೇಡಿಯೋ ಸೆಟ್. 1935ರಲ್ಲಿ ಎಂ.ವಿ. ಗೋಪಾಲಸ್ವಾಮಿಯವರು ಮೈಸೂರಿನ ತಮ್ಮ ಮನೆಯಿಂದಲೇ ಬಾನುಲಿ ಶುರುಮಾಡಿದರು, ಅದಕ್ಕೆ ‘ಆಕಾಶವಾಣಿ’ ಎಂಬ ಹೆಸರು ನಿಂತಿತು. ಪ್ರಸಾರಕ್ಕೆ ಕನ್ನಡಿಗರ ಕಿವಿಗೆ ಹಿತವಾದ ಹೆಸರು ಸಿಕ್ಕಿತು, ಅದನ್ನು ಹಿಡಿಯುವ ಪೆಟ್ಟಿಗೆ ಮಾತ್ರ ರೇಡಿಯೋ ಸೆಟ್ಟಾಗಿಯೇ ಉಳಿಯಿತು.

ಹಲ್ಲುಪುಡಿಗೆ ನಾಡೆಲ್ಲ ಹೆಸರಾದ ನಂಜನಗೂಡಿನಲ್ಲೂ ವಯಸ್ಸಾದವರು ರಾತ್ರಿ ಲೋಟದ ನೀರಿನಲ್ಲಿ ಇಡುವುದು ‘ಹಲ್ ಸೆಟ್’. ಉಜ್ಜಿ ಉಳಿಸಿಕೊಂಡದ್ದು ಹಲ್ಲು, ಕಟ್ಟಿಸಿಕೊಂಡದ್ದು ಸೆಟ್!

ಬೇರೆ ಬೇರೆ ವಸ್ತು ಸೇರಿದರೆ ಸೆಟ್ ಎಂಬ ನಿಯಮಕ್ಕೆ ತಕರಾರು ತೆಗೆಯುವ ಪ್ರಾಣಿ ಒಂದೇ, ಸೆಟ್ ದೋಸೆ. ದಪ್ಪಗೆ, ಮೆತ್ತಗೆ, ಮೇಲೆಲ್ಲ ಕಣ್ಣು ಬಿಟ್ಟ ಎರಡೋ ಮೂರೋ ದೋಸೆ ಒಂದರ ಮೇಲೊಂದು ಮಲಗಿರುತ್ತವೆ. ಒಂದೇ ಥರದ ವಸ್ತುವಾದ್ದರಿಂದ ‘ಜೊತೆ ದೋಸೆ’ ಎನ್ನಬಹುದಿತ್ತು. ಆದರೆ ಸಾಗು, ಚಟ್ನಿ ಇಲ್ಲದೆ ಬರೀ ದೋಸೆ ತಂದಿಟ್ಟು ನೋಡಿ. ‘ಇದೇನಪ್ಪ, ಸಾಗು ಎಲ್ಲಿ?’ ಎಂದು ಗಿರಾಕಿ ಹುಬ್ಬು ಗಂಟಿಕ್ಕುತ್ತಾನೆ. ಅವನ ಲೆಕ್ಕದಲ್ಲಿ ಸೆಟ್ ಇನ್ನೂ ತುಂಬಿಲ್ಲ.

ಶಿವನ ಗಣ, ಲೆಕ್ಕದ ಗಣ

ಶಾಲೆಯಲ್ಲಿ ಮಾತ್ರ ಸೆಟ್‌ಗೆ ಅಚ್ಚುಕಟ್ಟಾದ ಕನ್ನಡ ಹೆಸರಿದೆ. ಕನ್ನಡ ಮಾಧ್ಯಮದ ಗಣಿತ ಪುಸ್ತಕದಲ್ಲಿ ಅದು ‘ಗಣ’. ಏನೂ ಇಲ್ಲದ್ದು ಶೂನ್ಯ ಗಣ. ನಂಜುಂಡನ ಊರಿಗೆ ಇದಕ್ಕಿಂತ ಒಪ್ಪುವ ಪದ ಬೇಕೆ? ಗಣಗಳ ಒಡೆಯ ಅವನು. ದೊಡ್ಡ ಜಾತ್ರೆಯ ಐದು ತೇರುಗಳಲ್ಲಿ ಮೊದಲು ಹೊರಡುವುದೂ ಗಣಪತಿಯ ತೇರೇ. ಆದರೂ ‘ಪಂಪ್‌ಗಣ’ ಎಂದು ಯಾರೂ ಅನ್ನಲಿಲ್ಲ. ಗಣ ಪಾಠದ ಕೋಣೆಯಲ್ಲೇ ಉಳಿಯಿತು, ಸೆಟ್ ಗದ್ದೆಗಿಳಿಯಿತು. ಪದ ಬಾಳುವುದು ಕೈಗೆ ಕೆಸರು ಮೆತ್ತಿಕೊಂಡವರ ಬಾಯಲ್ಲಿ.

ಬಂದ ಪದವನ್ನು ನಾವು ಬಂದ ಹಾಗೆಯೇ ಇಟ್ಟುಕೊಂಡವರೂ ಅಲ್ಲ. ನರಸೀಪುರ ತಾಲ್ಲೂಕಿನ ಸೋಮನಾಥಪುರದಲ್ಲಿ 1258ರಲ್ಲಿ ದಂಡನಾಯಕ ಸೋಮನಾಥ ಕೇಶವ ದೇವಾಲಯ ಕಟ್ಟಿಸಿದ. ಹೆಚ್ಚುಕಡಿಮೆ ಅದೇ ಕಾಲಕ್ಕೆ ಕೇಶಿರಾಜ ‘ಶಬ್ದಮಣಿದರ್ಪಣ’ ಬರೆದ. ಸಂಸ್ಕೃತದ ಪದ ಕನ್ನಡಕ್ಕೆ ಬಂದು ರೂಪ ಬದಲಿಸುವ ಬಗೆಗೆ ಅವನು ಒಂದು ಪ್ರಕರಣವನ್ನೇ ಮೀಸಲಿಟ್ಟ. ಸಂಸ್ಕೃತದ ‘ಶ್ರೇಷ್ಠಿ’ ನಮ್ಮಲ್ಲಿ ‘ಸೆಟ್ಟಿ’ಯಾದದ್ದು ಆ ದಾರಿಯಲ್ಲೇ. ಆರೇಳು ಶತಮಾನದ ಮೇಲೆ ಇಂಗ್ಲಿಷಿನ ಸೆಟ್ ಬಂದಾಗಲೂ ಕನ್ನಡ ಬಾಯಿ ಅದರ ಕೊನೆಗೊಂದು ‘ಉ’ ಹಚ್ಚಿತು: ಸೆಟ್ಟು. ಬಸ್ಸು, ಕಾರು, ಪೆನ್ನು ಇದ್ದಂತೆ.

ಉಕಾರ ಹತ್ತಿತೋ ಇಲ್ಲವೋ ವ್ಯಾಕರಣ ಕೆಲಸಕ್ಕೆ ನಿಂತಿತು. ಸೆಟ್ಟು ಮತ್ತು ಏರು ಕೂಡಿ ‘ಸೆಟ್ಟೇರು’. ನಮ್ಮ ಸಿನಿಮಾ ಪುಟದ ಈ ಮುದ್ದಿನ ಪದ ಲೋಪಸಂಧಿಗೆ ಒಳ್ಳೆಯ ಉದಾಹರಣೆ. ಊರೂರು, ಮಾತಿಲ್ಲ ಇದ್ದ ಹಾಗೆ. ಹಸೆಮಣೆ ಏರಿದರೆ ಮದುವೆ, ಗದ್ದುಗೆ ಏರಿದರೆ ಪಟ್ಟ, ಸೆಟ್ಟೇರಿದರೆ ಚಿತ್ರೀಕರಣ. ಹೊಸತು ಶುರುವಾಗಬೇಕಾದರೆ ಏನನ್ನಾದರೂ ಏರಬೇಕು ಎಂಬ ನಮ್ಮ ಮನಸ್ಸಿನ ರೂಢಿ ಇಂಗ್ಲಿಷ್ ಪದವನ್ನೂ ಒಂದು ಮಣೆ ಮಾಡಿ ಹಾಕಿತು.

ಸಿನಿಮಾದ ಸೆಟ್ ಎಂದರೆ ಮೈಸೂರು ಸೀಮೆಯ ಹಿರಿಯರಿಗೆ ಒಂದು ಸಂಕಟವೂ ನೆನಪಾಗುತ್ತದೆ. 1989ರ ಫೆಬ್ರುವರಿಯಲ್ಲಿ ಮೈಸೂರಿನ ಪ್ರೀಮಿಯರ್ ಸ್ಟುಡಿಯೋದಲ್ಲಿ ಟಿಪ್ಪು ಸುಲ್ತಾನ್ ಧಾರಾವಾಹಿಯ ಸೆಟ್‌ಗೆ ಬೆಂಕಿ ಬಿದ್ದು 60ಕ್ಕೂ ಹೆಚ್ಚು ಜನ ಸತ್ತರು. ಅರಮನೆಯಂತೆ ಕಾಣುವುದು ಮರ, ಬಟ್ಟೆ, ಬಣ್ಣ ಅಷ್ಟೇ. ಗಟ್ಟಿಯಾಗಿ ಕೂರುವುದು ಎಂಬ ಅರ್ಥದಲ್ಲಿ ಹುಟ್ಟಿದ ಪದ, ಎರಡು ದಿನ ನಿಂತು ಕಳಚಿಹೋಗುವ ಮಾಯಾಮನೆಗೂ ಹೆಸರಾಯಿತು.

ಆಗು, ಮಾಡು, ಹಾಕು

ಒಂದು ಪದ ನೂರು ಅರ್ಥ ಹೊರಬೇಕಾದರೆ ಅದಕ್ಕೆ ಊರುಗೋಲು ಬೇಕು. ಇಂಗ್ಲಿಷಿನಲ್ಲಿ ಆ ಊರುಗೋಲು ಬೆನ್ನಿಗೆ ಬರುವ ಅಪ್, ಆಫ್, ಇನ್, ಔಟ್‌ನಂಥ ಪುಟಾಣಿಗಳು. ಸೆಟ್ ಅಪ್ ಎಂದರೆ ಸ್ಥಾಪಿಸು, ಸೆಟ್ ಆಫ್ ಎಂದರೆ ಹೊರಡು. ನಮ್ಮಲ್ಲಿ ಆ ಕೆಲಸ ಕ್ರಿಯಾಪದದ್ದು. ಗಡಿಯಾರದ ಅಲಾರಂ ಸೆಟ್ ಮಾಡುತ್ತೇವೆ, ಬಯಲಲ್ಲಿ ಸೆಟ್ ಹಾಕುತ್ತೇವೆ, ಅಂಗಿ ಸೆಟ್ ಆಗುತ್ತದೆ, ಹೋಟೆಲಿನಲ್ಲಿ ಸೆಟ್ ತಿನ್ನುತ್ತೇವೆ, ವಿಶ್ವವಿದ್ಯಾಲಯದ ಮೇಷ್ಟ್ರಾಗಬೇಕಾದವರು ಕೆ-ಸೆಟ್ ಪಾಸು ಮಾಡುತ್ತಾರೆ. ನರಸೀಪುರದಲ್ಲಿ ಕಾವೇರಿ, ಕಪಿಲೆಯ ಜೊತೆ ಕಣ್ಣಿಗೆ ಕಾಣದ ಸ್ಫಟಿಕ ಸರೋವರವೂ ಸೇರಿ ತ್ರಿವೇಣಿಯಾಯಿತು ಎಂಬ ನಂಬಿಕೆಯಿದೆ. ಅದಕ್ಕೇ 1989ರಿಂದ ಅಲ್ಲಿ ಕುಂಭಮೇಳ. ನಮ್ಮ ಸೆಟ್‌ನಲ್ಲೂ ಮೇಲಿನ ಎರಡು ಹೊಳೆಯ ಕೆಳಗೆ ಗುಪ್ತಗಾಮಿನಿಯಾಗಿ ಹರಿಯುತ್ತಿರುವುದು ಕನ್ನಡದ ಕ್ರಿಯಾಪದ. ಆಗು, ಮಾಡು, ಹಾಕು ಬತ್ತಿದ ದಿನ ಸೆಟ್ ಕೂಡ ಇಲ್ಲಿ ಒಣಗಿದ ಹೊಳೆಯೇ.

ಆದರೆ ಒಂದು ನಷ್ಟದ ಲೆಕ್ಕವನ್ನೂ ಬರೆದಿಡಬೇಕು. ನಾಮಪದವಾಗಿ ಬಂದ ಸೆಟ್ ನಮ್ಮ ಹತ್ತಿರ ಇಲ್ಲದ್ದನ್ನು ಕೊಟ್ಟಿತು. ಪಂಪ್‌ಸೆಟ್‌ನಿಂದ, ಮೈಕ್‌ಸೆಟ್‌ನಿಂದ ಕನ್ನಡ ಕಳೆದುಕೊಂಡದ್ದೇನಿಲ್ಲ. ‘ಸೆಟ್ಟಾಗು’ ಎಂಬ ಕ್ರಿಯೆಯ ಕಥೆ ಬೇರೆ. ಅದು ಖಾಲಿ ಜಾಗಕ್ಕೆ ಬರಲಿಲ್ಲ, ತುಂಬಿದ ಮನೆಗೆ ನುಗ್ಗಿತು.

ಆ ಮನೆಯಲ್ಲಿ ಯಾರು ಯಾರಿದ್ದರು ನೋಡಿ. ಸಂಬಂಧ ಕುದುರುತ್ತಿತ್ತು. ಹೊಸ ಊರಿನ ನೀರು ಒಗ್ಗುತ್ತಿತ್ತು. ಸೀರೆಯ ಬಣ್ಣ ಒಪ್ಪುತ್ತಿತ್ತು. ಬಾಗಿಲು ಚೌಕಟ್ಟಿಗೆ ಹೊಂದುತ್ತಿತ್ತು. ಗಂಡ ಹೆಂಡತಿ ಹೊಂದಿಕೊಳ್ಳುತ್ತಿದ್ದರು. ಕಾಲ ಕೂಡಿಬರುತ್ತಿತ್ತು. ಕೆಲಸ ಕೈಗೂಡುತ್ತಿತ್ತು. ಅಂಗಿ ಮೈಗೆ ಕೂರುತ್ತಿತ್ತು. ಎಂಟು ಕೆಲಸಕ್ಕೆ ಏಳು ಮಾತು, ಏಳಕ್ಕೂ ಏಳು ರುಚಿ. ಇವತ್ತು ಹುಡುಗಿಯೂ ಸೆಟ್ಟಾಗಲ್ಲ, ನೀರೂ ಸೆಟ್ಟಾಗಲ್ಲ, ಬಣ್ಣವೂ ಸೆಟ್ಟಾಗಲ್ಲ, ಬಾಗಿಲೂ ಸೆಟ್ಟಾಗಲ್ಲ. ‘ನೀರು ಒಗ್ಗಲಿಲ್ಲ’ ಎಂದಾಗ ತಪ್ಪು ನೀರಿನದೂ ಅಲ್ಲ, ನನ್ನದೂ ಅಲ್ಲ, ಇಬ್ಬರಿಗೂ ಇನ್ನಷ್ಟು ದಿನ ಬೇಕು ಎಂಬ ಸಣ್ಣ ತಾಳ್ಮೆ ಆ ಮಾತಿನೊಳಗಿತ್ತು. ‘ಕುದುರಲಿಲ್ಲ’ ಎಂದಾಗ ಮಾತುಕತೆ ನಡೆದಿತ್ತು, ಎರಡೂ ಕಡೆಯವರು ಕೂತೆದ್ದಿದ್ದರು ಎಂಬುದು ತಿಳಿಯುತ್ತಿತ್ತು. ‘ಸೆಟ್ಟಾಗಲ್ಲ’ ಎನ್ನುವುದು ಚಿಲಕ ಹಾಕಿದ ಹಾಗೆ. ಮುಂದೆ ಮಾತಿಲ್ಲ.

ಕನ್ನಡ ಬಿಟ್ಟುಕೊಡದ ಜಾಗಗಳೂ ಇವೆ. ಇಂಗ್ಲಿಷಿನಲ್ಲಿ ಮೊಸರೂ ಸೆಟ್ ಆಗುತ್ತದೆ. ನಮ್ಮ ಅಡುಗೆಮನೆಯಲ್ಲಿ ಇವತ್ತಿಗೂ ಹಾಲು ಹೆಪ್ಪಾಗುತ್ತದೆ. ರಾತ್ರಿ ಒಂದು ಚಮಚ ಮೊಸರು ಬಿಟ್ಟು ಮುಚ್ಚಿಟ್ಟ ಪಾತ್ರೆಯನ್ನು ಬೆಳಿಗ್ಗೆ ಮೆಲ್ಲಗೆ ಓರೆ ಮಾಡಿ ನೋಡುವ ತಾಯಿ ‘ಹೆಪ್ಪು ಹಿಡಿದಿದೆ’ ಎನ್ನುತ್ತಾಳೆ. ಮನೆ ಕಟ್ಟುವ ಜಾಗದಲ್ಲಿ ಸಿಮೆಂಟ್ ಮಾತ್ರ ಸೆಟ್ ಆಗುತ್ತದೆ. ಭಾರತೀಯ ಮಾನಕದ ಪ್ರಕಾರ ಸಾಮಾನ್ಯ ಪೋರ್ಟ್‌ಲೆಂಡ್ ಸಿಮೆಂಟ್ 30 ನಿಮಿಷಕ್ಕೆ ಮೊದಲು ಬಿಗಿಯತೊಡಗಬಾರದು, 600 ನಿಮಿಷದೊಳಗೆ ಪೂರ್ತಿ ಬಿಗಿಯಬೇಕು. ಗಾರೆ ಕೆಲಸದವರಿಗೆ ಈ ಅಂಕಿ ಬಾಯಿಪಾಠವಿಲ್ಲ, ಬೆರಳಿನಲ್ಲಿ ಒತ್ತಿ ‘ಸೆಟ್ಟಾಗದೆ, ನೀರ್ ಹುಯ್ಯಿ’ ಎನ್ನುತ್ತಾರೆ. ತಮಾಷೆಯೆಂದರೆ, ಬಿರುಸಾಗು, ಬಿಗಿದು ನಿಲ್ಲು ಎಂಬುದಕ್ಕೆ ನಮ್ಮದೇ ‘ಸೆಟೆ’ ಎಂಬ ಮಾತಿದೆ. ಸೆಟೆದು ನಿಲ್ಲುವುದಕ್ಕೂ ಸೆಟ್ಟಾಗುವುದಕ್ಕೂ ಬುಡದಲ್ಲಿ ನಂಟಿಲ್ಲ. ಕಿವಿಗೆ ಮಾತ್ರ ಅಣ್ಣತಮ್ಮಂದಿರಂತೆ ಕೇಳುತ್ತವೆ.

ಶತಾಯುಷಿ ನಿಘಂಟುಕಾರ ಜಿ. ವೆಂಕಟಸುಬ್ಬಯ್ಯನವರು ‘ಪ್ರಜಾವಾಣಿ’ಯ ‘ಇಗೋ ಕನ್ನಡ’ ಅಂಕಣದಲ್ಲಿ ವರ್ಷಗಟ್ಟಲೆ ಓದುಗರ ಪದದ ಪ್ರಶ್ನೆಗಳಿಗೆ ಉತ್ತರಿಸಿದರು. ಎರವಲು ಪದಗಳಿಗೂ ನಿಘಂಟಿನ ಕೆಲಸದಲ್ಲಿ ಅವರು ಗೌರವದ ಜಾಗ ಕೊಟ್ಟರು. ಬಂದ ಪದವನ್ನು ಹೊರದಬ್ಬುವುದು ಕನ್ನಡದ ಜಾಯಮಾನವಲ್ಲ. ಬಂದವರು ಜಗಲಿಯಲ್ಲಿ ಕೂತರೆ ಸಂತೋಷ. ನಡುಮನೆಯಲ್ಲಿರುವ ಅಜ್ಜಿಯನ್ನು ಎಬ್ಬಿಸಿ ಅವಳ ಜಾಗದಲ್ಲಿ ಕೂತರೆ ಮಾತ್ರ ಒಂದು ಮಾತು ಕೇಳಬೇಕು.

ಹೊತ್ತು ಮುಳುಗುವ ಹೊತ್ತು

ಸಂಜೆ ನರಸೀಪುರದ ಸಂಗಮದಲ್ಲಿ ಗುಂಜಾನರಸಿಂಹಸ್ವಾಮಿ ಗುಡಿಯ ಕಡೆಯಿಂದ ಗಂಟೆ ಕೇಳುತ್ತಿತ್ತು. ಎದುರು ದಡದ ಅಗಸ್ತ್ಯೇಶ್ವರನ ಮೆಟ್ಟಿಲ ಬಳಿ ನೀರು ಕೆಂಪಾಗುತ್ತಿತ್ತು. ಇಂಗ್ಲಿಷಿನಲ್ಲಾದರೆ ಸೂರ್ಯನೂ ಸೆಟ್ ಆಗುವ ಸಮಯ ಅದು. ಗದ್ದೆ ಬದುವಿನ ಮೇಲೆ ನಿಂತ ಒಬ್ಬ ಹಿರಿಯರು, ಬಾಳೆತೋಟದೊಳಗಿದ್ದ ಮೊಮ್ಮಗನನ್ನು ಕೂಗಿದರು. ಹಿಂದೆ ಎಲ್ಲೋ ಮೋಟಾರು ಗುಂಯ್‌ಗುಡುತ್ತಿತ್ತು.

‘ಹೊತ್ತು ಮುಳುಗ್ತಾ ಬಂತು ಕಲಾ, ಹೋಗಿ ಸೆಟ್ ನಿಲ್ಸು.’